ಸೀಟು ಸಿಕ್ಕರೆ ಸಾಲದು, ಪಂಕ್ತಿಯಲ್ಲಿ ಜಾಗ ಬೇಕು

ಸಂಗೊಳ್ಳಿ ರಾಯಣ್ಣನ ಲಾವಣಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯಾವ ಊರಿಗೂ ಹೊಸದಲ್ಲ. ಆ ಲಾವಣಿಯ ಜೊತೆಗೇ ಬರುವ ಇನ್ನೊಂದು ಹೆಸರು ಗಜವೀರನದು. ರಾಯಣ್ಣನ ಬೆನ್ನಿಗೆ ನಿಂತ ಈ ಬಂಟ ಸಿದ್ದಿ ಕುಲದವನು ಎಂದು ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಸಿದ್ದಿಗಳೆಂದರೆ ಆಫ್ರಿಕಾ ಮೂಲದ ನಮ್ಮದೇ ನಾಡಿನ ಜನ. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ಇರುವುದು ಖಾನಾಪುರ ತಾಲ್ಲೂಕಿನಲ್ಲಿ. ಅದೇ ತಾಲ್ಲೂಕಿನ ಕಾಡಂಚಿನಲ್ಲಿ ಇವತ್ತಿಗೂ ಸಿದ್ದಿ ಕುಟುಂಬಗಳು ಬಾಳುತ್ತಿವೆ.

ಈಗ ಬೆಳಗಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನ ವಿಶ್ವವಿದ್ಯಾಲಯವಿದೆ, ರಾಯಣ್ಣನ ಹೆಸರಿನ ಅದರದೇ ಕಾಲೇಜಿದೆ. ಕಟಕೋಳ, ಯರಗಟ್ಟಿ, ಮುನವಳ್ಳಿ ಕಡೆಯ ಮಕ್ಕಳು ಡಿಗ್ರಿ ಮುಗಿಸಿ ಎಂ.ಎ., ಎಂ.ಕಾಂ. ಓದಲು ಬಸ್ ಹತ್ತುವುದು ಒಂದೋ ಬೆಳಗಾವಿಗೆ, ಇಲ್ಲವೇ ಧಾರವಾಡಕ್ಕೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಖಾನಾಪುರ, ಕಲಘಟಗಿಯ ಸಿದ್ದಿ ಮಕ್ಕಳೂ ಬರುವುದು ಅಲ್ಲಿಗೇ. ಒಂದೇ ಬೆಂಚಿನ ಮೇಲೆ ಕೂರಬೇಕಾದ ಇಬ್ಬರು ಅಲ್ಲಿ ಮೊದಲ ಸಲ ಎದುರಾಗುತ್ತಾರೆ. ಆ ಕ್ಷಣದಲ್ಲಿ ಸಿದ್ದಿ ಹುಡುಗ ಅಥವಾ ಹುಡುಗಿಯ ಕಿವಿಗೆ ಬೀಳುವ ಮೊದಲ ಮಾತು ಬಹಳ ಸಲ ಒಂದೇ: ‘ನೀವು ಯಾವ ದೇಶದವರು?’ ಎದುರಿಗಿದ್ದವರು ಕನ್ನಡದಲ್ಲಿ ಉತ್ತರ ಕೊಟ್ಟಾಗ ಕೇಳಿದವರಿಗೆ ಅಚ್ಚರಿ. ಕಿತ್ತೂರಿನ ಹೋರಾಟದಲ್ಲಿ ಪಾಲಿದ್ದವರೆಂದು ಲಾವಣಿ ಹೇಳುವ ಕುಲದ ಮಗು, ಅದೇ ಕಿತ್ತೂರ ಸೀಮೆಯಲ್ಲಿ ತಾನು ಪರದೇಶಿಯಲ್ಲ ಎಂದು ರುಜುವಾತು ಮಾಡಿಕೊಳ್ಳಬೇಕು.

ವಿಶ್ವವಿದ್ಯಾಲಯಗಳಲ್ಲಿ ಜನಾಂಗ, ಬುಡಕಟ್ಟು, ಜಾತಿ, ಭಾಷೆಯ ವೈವಿಧ್ಯ ಇರಬೇಕು ಎಂಬ ಮಾತನ್ನು ನಾವು ಅಮೆರಿಕದ ಚರ್ಚೆ ಎಂದು ಪಕ್ಕಕ್ಕೆ ಸರಿಸುತ್ತೇವೆ. ಆದರೆ ಮೈಬಣ್ಣ, ಕೂದಲು, ಮುಖಚಹರೆ ನೋಡಿ ಮನುಷ್ಯನನ್ನು ಅಳೆಯುವ ಸಮಸ್ಯೆ ನಮ್ಮ ಜಿಲ್ಲೆಯ ಕ್ಯಾಂಪಸ್ಸಿನಲ್ಲೇ ಇದೆ. ಅದಕ್ಕೆ ಬೇಕಾದ ಮದ್ದಿನ ಅರ್ಧ ಭಾಗವೂ ನಮ್ಮ ಚರಿತ್ರೆಯಲ್ಲೇ ಇದೆ. ಉಳಿದರ್ಧವನ್ನು ನಾವು ಇನ್ನೂ ಮಾಡಬೇಕಿದೆ.

ಸಿದ್ದಿಗಳು ಯಾರು?

ಪೋರ್ಚುಗೀಸರು 16ನೇ ಶತಮಾನದಿಂದ ಪೂರ್ವ ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಗೋವಾಕ್ಕೆ ತಂದರು. ಅದಕ್ಕೂ ಮೊದಲು ಅರಬ್ ವ್ಯಾಪಾರಿಗಳ ಹಡಗುಗಳಲ್ಲಿ ಬಂದವರಿದ್ದರು. ಗೋವಾದ ಒಡೆಯರಿಂದ ತಪ್ಪಿಸಿಕೊಂಡವರು, ಬಿಡುಗಡೆ ಹೊಂದಿದವರು ಘಟ್ಟ ಹತ್ತಿ ಉತ್ತರ ಕನ್ನಡದ ಕಾಡಿನಲ್ಲಿ ನೆಲೆಯಾದರು. ಅವರ ಮಕ್ಕಳು ಮೊಮ್ಮಕ್ಕಳು ಇಂದು ಮನೆಯಲ್ಲಿ ಹೆಚ್ಚಾಗಿ ಕೊಂಕಣಿ, ಹೊರಗೆ ಕನ್ನಡ, ಕೆಲವೆಡೆ ಮರಾಠಿ, ಉರ್ದು ಆಡುತ್ತಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅವರ ಸಂಖ್ಯೆ ಹತ್ತು ಸಾವಿರದ ಆಸುಪಾಸು. ನಮ್ಮ ಕಡೆಯ ಒಂದು ದೊಡ್ಡ ಊರಿನ ಜನಸಂಖ್ಯೆ ಅಷ್ಟಿರುತ್ತದೆ.

ಆಫ್ರಿಕಾ ಮೂಲದವರೆಲ್ಲ ಈ ನಾಡಿಗೆ ಆಳುಗಳಾಗಿಯೇ ಉಳಿದರು ಎಂದುಕೊಂಡರೆ ತಪ್ಪಾಗುತ್ತದೆ. ವಿಜಯಪುರದ ಆದಿಲ್‌ಶಾಹಿ ದರಬಾರಿನಲ್ಲಿ ಹಬ್ಶಿಗಳೆಂದು ಕರೆಸಿಕೊಂಡ ಇವರು ಸರದಾರರಾಗಿದ್ದರು, ಮಂತ್ರಿಗಳಾಗಿದ್ದರು. ಮುಹಮ್ಮದ್ ಆದಿಲ್‌ಶಾಹನ ಆಡಳಿತ ನಡೆಸಿದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು. ಆದಿಲ್‌ಶಾಹಿ ಚಿತ್ರಗಳಲ್ಲಿ ಅವನ ಮುಖ ಸುಲ್ತಾನನ ಪಕ್ಕದಲ್ಲೇ ಇದೆ. ಅಹಮದ್‌ನಗರದ ನಿಜಾಮಶಾಹಿಯನ್ನು ಮೊಗಲರ ವಿರುದ್ಧ ವರ್ಷಗಟ್ಟಲೆ ಕಾಪಾಡಿದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ಇಲ್ಲಿಗೆ ಬಂದವನು. 1660ರಲ್ಲಿ ಪನ್ಹಾಳಗಡಕ್ಕೆ ಮುತ್ತಿಗೆ ಹಾಕಿದ ಆದಿಲ್‌ಶಾಹಿ ಸೇನಾನಿ ಸಿದ್ದಿ ಜೌಹರ್. ಕೃಷ್ಣೆ, ಮಲಪ್ರಭೆ, ಘಟಪ್ರಭೆಯ ಬಯಲಿನ ಚರಿತ್ರೆಯಿಂದ ಇವರನ್ನು ತೆಗೆದರೆ ಆ ಚರಿತ್ರೆಯೇ ಕುಂಟುತ್ತದೆ. ಆದರೂ ಚರಿತ್ರೆಯ ಎಂ.ಎ. ತರಗತಿಯಲ್ಲಿ ಕೂತ ಸಿದ್ದಿ ವಿದ್ಯಾರ್ಥಿಗೆ ‘ಇದು ನಿಮ್ಮ ಹಿರಿಯರ ಕಥೆಯೂ ಹೌದು’ ಎಂದು ಹೇಳುವ ಪಾಠ ಅಪರೂಪ.

ಬಾಗಿಲು ತೆರೆದದ್ದು ತೀರ ತಡವಾಗಿ

ಟಿ.ಸಿ. ಪಾಲಾಕ್ಷಪ್ಪ ಅವರು ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ ಬರೆದ ಸಮಾಜಶಾಸ್ತ್ರೀಯ ಅಧ್ಯಯನ ಪುಸ್ತಕವಾಗಿ ಬಂದದ್ದು 1976ರಲ್ಲಿ. ಅಂದರೆ ಸಿದ್ದಿಗಳು ವಿದ್ವತ್ತಿನ ಲೋಕಕ್ಕೆ ಬಂದದ್ದು ಅಧ್ಯಯನದ ವಸ್ತುವಾಗಿ. ಓದುವವರಾಗಿ, ಪಾಠ ಹೇಳುವವರಾಗಿ ಬರಲು ಇನ್ನೂ ದಶಕಗಳು ಹಿಡಿದವು. ಸಮುದಾಯದ ಮೊದಲ ಪದವೀಧರರೆಂದು ಹೆಸರಾದ ಶಾಂತಾರಾಮ ಸಿದ್ದಿ ಅವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ, ರಾಜ್ಯದ ಶಾಸನಸಭೆಗೆ ಕಾಲಿಟ್ಟ ಮೊದಲ ಸಿದ್ದಿ ಎನಿಸಿದರು.

ಮೀಸಲಾತಿಯ ಕಥೆಯೂ ಹೀಗೆಯೇ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಆದರೆ ಜಿಲ್ಲೆಯ ಗಡಿ ದಾಟಿದರೆ ಆ ಹಕ್ಕು ಇರಲಿಲ್ಲ. ಹಳಿಯಾಳದ ಅಕ್ಕನ ಮಗಳಿಗೆ ಸಿಗುವ ಪ್ರಮಾಣಪತ್ರ ಖಾನಾಪುರದ ತಂಗಿಯ ಮಗಳಿಗೆ ಸಿಗುತ್ತಿರಲಿಲ್ಲ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸಿ ಸಂಸತ್ತು ಪಟ್ಟಿಯನ್ನು ತಿದ್ದಿದ್ದು 2020ರಲ್ಲಿ. ನಮ್ಮ ಜಿಲ್ಲೆಯ ಸಿದ್ದಿ ಮಗುವಿಗೆ ಪರಿಶಿಷ್ಟ ಪಂಗಡದ ಸೀಟು ಎಂಬುದು ಅಷ್ಟು ಹೊಸ ಸಂಗತಿ.

ಇನ್ನೊಂದು ತೊಡಕೂ ಇದೆ. 2022ರಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇ 3ರಿಂದ ಶೇ 7ಕ್ಕೆ ಏರಿಸಿತು. ಇದು ಒಳ್ಳೆಯದೇ. ಆದರೆ ಆ ಪಟ್ಟಿಯಲ್ಲಿ 50ರಷ್ಟು ಸಮುದಾಯಗಳಿವೆ. ಲಕ್ಷಗಟ್ಟಲೆ ಜನರಿರುವ ಸಮುದಾಯದ ಜೊತೆ, ತಲೆತಲಾಂತರದಿಂದ ಶಾಲೆಯ ಮುಖ ಕಂಡಿರದ ಹತ್ತು ಸಾವಿರ ಜನರ ಸಮುದಾಯ ಸ್ಪರ್ಧಿಸಬೇಕು. ಗುಜರಾತಿನ ಸಿದ್ದಿಗಳನ್ನು ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲವಾದ ಬುಡಕಟ್ಟು ಎಂದು ಗುರುತಿಸಿದೆ. ಕರ್ನಾಟಕದಲ್ಲಿ ಆ ಮಾನ್ಯತೆ ಇರುವುದು ಜೇನು ಕುರುಬರಿಗೆ ಮತ್ತು ಕೊರಗರಿಗೆ. ಇಲ್ಲಿನ ಸಿದ್ದಿಗಳಿಗೆ ಇಲ್ಲ.

ಸರ್ಕಾರ ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ಬಂದ ಒಂದು ಕಾಲವೂ ಇತ್ತು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದರ ಅಡಿ ಅವರನ್ನು ಆರಿಸಿ ಓಟ, ಜಿಗಿತದ ತರಬೇತಿ ಕೊಟ್ಟಿತು. ಕಮಲಾ ಸಿದ್ದಿ ಹರ್ಡಲ್ಸ್‌ನಲ್ಲಿ ದಕ್ಷಿಣ ಏಷ್ಯಾ ಮಟ್ಟದಲ್ಲಿ ಪದಕ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮಕ್ಕಳು ಊರಿಗೆ ಮರಳಿದರು. ಆ ಯೋಜನೆ ಅವಕಾಶ ಕೊಟ್ಟಿತು ನಿಜ. ಆದರೆ ಅದು ಅವರಲ್ಲಿ ಕಂಡದ್ದು ಕಾಲಿನ ಕಸುವನ್ನು ಮಾತ್ರ. ಪ್ರಯೋಗಾಲಯಕ್ಕೆ, ಗಣಿತದ ತರಗತಿಗೆ, ಕಾನೂನು ಕಾಲೇಜಿಗೆ ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ಹೋಗುವ ಯೋಜನೆ ಯಾರಿಗೂ ಹೊಳೆಯಲಿಲ್ಲ. ವಾರ್ಷಿಕೋತ್ಸವಕ್ಕೆ ಸಿದ್ದಿಗಳ ಡಮಾಮಿ ಕುಣಿತ ಬೇಕು, ಕ್ರೀಡಾಕೂಟಕ್ಕೆ ಓಟಗಾರರು ಬೇಕು, ಉಳಿದ ದಿನ ಅವರ ನೆನಪಿಲ್ಲ ಎಂದಾದರೆ ಅದು ಒಳಗೊಳ್ಳುವಿಕೆಯಲ್ಲ.

ಇದಕ್ಕೆ ಬೇರೆಯಾದ ದಾರಿಯೂ ನಮ್ಮಲ್ಲಿತ್ತು. ಅದೇ ದಶಕದಲ್ಲಿ ರಂಗನಿರ್ದೇಶಕ ಚಿದಂಬರರಾವ್ ಜಂಬೆ ಅವರು ಮಂಚೀಕೇರಿಯ ಸುತ್ತಿನ ಸಿದ್ದಿಗಳನ್ನು ಕಟ್ಟಿಕೊಂಡು, ನೈಜೀರಿಯಾದ ಚಿನುವಾ ಅಚೆಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ರಂಗಕ್ಕೆ ತಂದರು. ಮುಂದೆ ನೀನಾಸಮ್‌ನಲ್ಲಿ ಕಲಿತ ಪ್ರಶಾಂತ್ ಸಿದ್ದಿ ಅವರಂಥವರು ಸಿನಿಮಾದಲ್ಲೂ ಹೆಸರು ಮಾಡಿದರು. ಹೆಗ್ಗೋಡಿನ ಆ ರಂಗಶಾಲೆಯಲ್ಲಿ ಅವರಿಗೆ ಸಿಕ್ಕಿದ್ದು ಒಂದು ಪೂರ್ತಿ ವಿದ್ಯೆ. ಎಲ್ಲರ ಜೊತೆ ಉಣ್ಣುವ, ಮಲಗುವ, ಜಗಳವಾಡುವ, ಪಾತ್ರ ಕಟ್ಟುವ ವಸತಿ ಕಲಿಕೆ ಅದು. ಇಲ್ಲಿ ‘ವಸತಿ’ ಎಂಬುದು ಮುಖ್ಯ ಸಂಗತಿ.

ಹಾಸ್ಟೆಲ್ ಎಂಬ ನಮ್ಮ ಸೀಮೆಯ ಪುಣ್ಯ

ಉತ್ತರ ಕರ್ನಾಟಕದ ಹಳ್ಳಿಯ ಮಕ್ಕಳು ಕಾಲೇಜು ಕಂಡದ್ದು ಹಾಸ್ಟೆಲ್‌ಗಳಿಂದ. ಹಾಸ್ಟೆಲ್ ಇಲ್ಲದ ಕಾಲದಲ್ಲಿ ಬಡ ವಿದ್ಯಾರ್ಥಿಗೆ ಇದ್ದ ದಾರಿ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಪೇಟೆಯಲ್ಲಿ ತನ್ನ ಜಾತಿಯ ಅನುಕೂಲಸ್ಥರ ಮನೆಗಳಿದ್ದವನಿಗೆ ಮಾತ್ರ ಅದು ಸಿಗುತ್ತಿತ್ತು. ಒಕ್ಕಲಿಗನ, ನೇಕಾರನ, ಕುರುಬನ, ಹೊಲೆಯ ಮಾದಿಗರ ಮಗನಿಗೆ ಬೆಳಗಾವಿಯಲ್ಲಿ ಯಾರು ಅನ್ನ ಹಾಕಬೇಕು?

ಆ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಮೊದಲಿಗರ ಸಾಲಿನಲ್ಲಿ ನಿಲ್ಲುವವರು ಕಟಕೋಳಕ್ಕೆ ದೂರವಲ್ಲದ ಶಿರಸಂಗಿಯ ಲಿಂಗರಾಜ ದೇಸಾಯಿಯವರು. 1906ರಲ್ಲಿ ತೀರಿಕೊಂಡ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ಮಕ್ಕಳ ಓದಿಗೆಂದು ಬರೆದಿಟ್ಟರು. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರು ಹೊತ್ತಿದೆ. ಗಡಿಯಾಚೆ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರಿಗೆ ಹೀಗೆ ಒಂದೊಂದು ಸಮುದಾಯಕ್ಕೂ ಬೋರ್ಡಿಂಗ್ ಕಟ್ಟಿಸಲು ನೆರವಾದರು. 1902ರ ಜುಲೈ 26ರಂದು ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ 50 ಮೀಸಲಿಟ್ಟ ಆದೇಶವೂ ಅವರದೇ. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು ನಮ್ಮ ಸೀಮೆಯ ಎಷ್ಟೋ ಮನೆತನಗಳಲ್ಲಿದ್ದಾರೆ. 1920ರ ದಶಕದ ಕೊನೆಯಲ್ಲಿ ಮುಂಬಯಿ ಸರ್ಕಾರದ ನೆರವಿನಿಂದ ಡಾ. ಬಿ.ಆರ್. ಅಂಬೇಡ್ಕರ್ ಅವರು ದಲಿತ ವಿದ್ಯಾರ್ಥಿಗಳಿಗಾಗಿ ತೆರೆದ ಕೆಲವೇ ಹಾಸ್ಟೆಲ್‌ಗಳಲ್ಲಿ ಒಂದು ಧಾರವಾಡದಲ್ಲಿತ್ತು.

ಆ ಪುಣ್ಯದ ಕೆಲಸದ ಒಳಗೇ ಒಂದು ಮಿತಿಯೂ ಇತ್ತು. ಒಬ್ಬೊಬ್ಬರು ತಮ್ಮವರಿಗೆ ಒಂದೊಂದು ಮನೆ ಕಟ್ಟಿದರು. ಅಂದಿನ ಸಮಾಜದಲ್ಲಿ ಬೇರೆ ದಾರಿ ಇರಲಿಲ್ಲ. ಲಿಂಗಾಯತ ಬೋರ್ಡಿಂಗ್, ಜೈನ ಬೋರ್ಡಿಂಗ್, ರಡ್ಡಿ ಹಾಸ್ಟೆಲ್, ಮರಾಠಾ ಹಾಸ್ಟೆಲ್, ಮುಸ್ಲಿಂ ಹಾಸ್ಟೆಲ್, ಕೊನೆಗೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್. ಹಗಲು ಒಂದೇ ತರಗತಿಯಲ್ಲಿ ಕೂತ ಹುಡುಗರು ಸಂಜೆ ತಮ್ಮ ತಮ್ಮ ಜಾತಿಯ ಸೂರಿನಡಿ ಮರಳಿದರು. ಊರಿಂದ ಬಸ್ಸಿನಲ್ಲಿ ಬಂದ ರೊಟ್ಟಿ ಬುತ್ತಿಯನ್ನು ಬಿಚ್ಚಿ ಹಂಚಿಕೊಂಡದ್ದೂ ತಮ್ಮವರ ಜೊತೆಗೇ. ಮಕ್ಕಳನ್ನು ಕ್ಯಾಂಪಸ್ಸಿಗೆ ತಲುಪಿಸುವ ಕೆಲಸವನ್ನು ನಮ್ಮ ಹಿರಿಯರು ಮಾಡಿ ಮುಗಿಸಿದರು. ಅವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವ ಕೆಲಸ ನಮ್ಮ ಪಾಲಿಗೆ ಉಳಿದಿದೆ. ಸಿದ್ದಿಗಳಂಥ ಚಿಕ್ಕ ಸಮುದಾಯಕ್ಕೆ ಇದು ಇನ್ನೂ ಅಗತ್ಯ. ಅವರಿಗೆ ಆಸ್ತಿ ಬರೆದಿಟ್ಟ ದೇಸಾಯರಿಲ್ಲ, ಮಠವಿಲ್ಲ, ಮಹಾರಾಜರಿಲ್ಲ. ಎಲ್ಲರಿಗೂ ಸೇರಿದ ಸೂರೊಂದೇ ಅವರ ಸೂರು.

ಒಳಗೆ ಬಂದ ಮೇಲೆ

ಸೀಟು ಸಿಕ್ಕ ಮೇಲೆ ಏನಾಗುತ್ತದೆ ಎಂಬುದನ್ನು ದೇಶದ ದೊಡ್ಡ ಸಂಸ್ಥೆಗಳ ಅನುಭವ ತೋರಿಸುತ್ತದೆ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳ ಸ್ಥಿತಿ ಪರಿಶೀಲಿಸಿದ ಪ್ರೊ. ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಅವಮಾನ ತಾಳದೆ ಆ ವಿದ್ಯಾರ್ಥಿಗಳು ಹಾಸ್ಟೆಲ್‌ಗಳ ಕೆಲವೇ ಭಾಗಗಳಿಗೆ ಸರಿದು ಒಟ್ಟುಗೂಡಿದ್ದನ್ನು ಅದು ದಾಖಲಿಸಿತು. ಯಾರೂ ಬೋರ್ಡು ಹಾಕಿರಲಿಲ್ಲ. ಆದರೂ ಕೇರಿ ನಿರ್ಮಾಣವಾಗಿತ್ತು. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನ, ಅವರಲ್ಲಿ ಎಷ್ಟೋ ವಿದ್ಯಾರ್ಥಿಗಳು, ವಿಶೇಷ ರೈಲುಗಳಲ್ಲಿ ಬೆಂಗಳೂರು ಬಿಟ್ಟರು. 2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ದೆಹಲಿಯಲ್ಲಿ ತನ್ನ ಚಹರೆಯ ಬಗೆಗಿನ ಗೇಲಿಯಿಂದ ಶುರುವಾದ ಹಲ್ಲೆಯಲ್ಲಿ ಸತ್ತ. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವ್ಯಕ್ತಿಯೊಬ್ಬನ ಕಾರು ಹರಿದು ಮಹಿಳೆಯೊಬ್ಬರು ತೀರಿಕೊಂಡರು. ಆ ಸಿಟ್ಟಿಗೆ ಗುಂಪು ಹಲ್ಲೆ ಮಾಡಿದ್ದು ಅದಕ್ಕೂ ತನಗೂ ಸಂಬಂಧವೇ ಇರದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ. ಅವಳ ಮೈಬಣ್ಣ ಒಂದೇ ಸಾಕಾಯಿತು.

ನಮ್ಮ ಕಡೆ ಇಂಥ ದೊಡ್ಡ ಸುದ್ದಿ ಆಗಿಲ್ಲ ಎಂದು ಸಮಾಧಾನ ಪಡುವಂತಿಲ್ಲ. ಸಣ್ಣ ಸಣ್ಣ ಮಾತುಗಳೂ ಮಗುವನ್ನು ಊರಿಗೆ ವಾಪಸ್ ಕಳಿಸಬಲ್ಲವು. ಕೂದಲು ಮುಟ್ಟಿ ನೋಡುವುದು, ಕೇಳದೆ ಸೆಲ್ಫಿ ತೆಗೆಯುವುದು, ವಿದೇಶಿ ಆಟಗಾರರ ಹೆಸರಿಟ್ಟು ಕೂಗುವುದು, ಬಾಡಿಗೆ ಕೋಣೆ ಕೇಳಲು ಹೋದಾಗ ‘ಖಾಲಿ ಇಲ್ಲ’ ಎನ್ನುವುದು, ತರಗತಿಯಲ್ಲಿ ‘ಸ್ಕಾಲರ್‌ಶಿಪ್‌ನವರು ಕೈ ಎತ್ತಿ’ ಎನ್ನುವುದು ಇವೆಲ್ಲ ದಿನನಿತ್ಯದ ಮಾತು.

ಸವದತ್ತಿ ಸೀಮೆಗೆ ಇದರಲ್ಲಿ ತನ್ನದೇ ಒಂದು ಪಾಠವಿದೆ. ದೇವದಾಸಿಯರನ್ನಾಗಿ ಬಿಡುವುದನ್ನು ರಾಜ್ಯದ 1982ರ ಕಾಯ್ದೆ ನಿಷೇಧಿಸಿತು. ಆದರೆ ಆ ತಾಯಂದಿರ ಮಕ್ಕಳು ಶಾಲೆ, ಕಾಲೇಜಿನ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಸಾಲಿನ ಎದುರು ವರ್ಷಗಟ್ಟಲೆ ತಲೆ ತಗ್ಗಿಸಿದರು. ಅರ್ಜಿ ನಮೂನೆಯ ಒಂದು ಗೆರೆ ಒಂದು ಬಾಳನ್ನೇ ಕುಗ್ಗಿಸಬಲ್ಲದು. ಹೊರಗಿಡುವುದಕ್ಕೆ ಯಾರೂ ಕೆಟ್ಟವರಾಗಬೇಕಿಲ್ಲ. ನಿಯಮ ಬರೆದವರಿಗೆ ಎಲ್ಲ ಬಗೆಯ ಮಕ್ಕಳ ನೆನಪಿಲ್ಲದಿದ್ದರೆ ಸಾಕು.

ಬೆರೆತರೆ ಬದಲಾಗುತ್ತಾರೆಯೇ?

‘ಬೇರೆ ಬೇರೆಯವರನ್ನು ಒಂದೇ ಕೋಣೆಯಲ್ಲಿ ಹಾಕಿದರೆ ಜಗಳವೇ ಜಾಸ್ತಿ, ಅವರವರ ಪೈಕಿ ಅವರವರು ಇರಲಿ’ ಎಂಬ ವಾದ ಹಳೆಯದು. ಇದನ್ನು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಹೊಸ ವಿದ್ಯಾರ್ಥಿಗಳಿಗೆ ರೂಮ್‌ಮೇಟ್‌ಗಳನ್ನು ಚೀಟಿ ಎತ್ತಿದಂತೆ ಹಂಚಲಾಗುತ್ತಿತ್ತು. ಲೂಸಿಯಾ ಕೊರ್ನೊ, ಎಲಿಯಾನಾ ಲಾ ಫೆರಾರಾ ಮತ್ತು ಜಸ್ಟೀನ್ ಬರ್ನ್ಸ್ ಅದರ ಫಲವನ್ನು ಅಳೆದರು. ಕಪ್ಪು ರೂಮ್‌ಮೇಟ್ ಜೊತೆ ಇದ್ದ ಬಿಳಿಯ ವಿದ್ಯಾರ್ಥಿಗಳಲ್ಲಿ ಕಪ್ಪು ಜನರ ಬಗೆಗಿನ ಪೂರ್ವಗ್ರಹ ಇಳಿಯಿತು. ಮಿಶ್ರ ಕೋಣೆಯಲ್ಲಿದ್ದ ಕಪ್ಪು ವಿದ್ಯಾರ್ಥಿಗಳ ಅಂಕ ಏರಿತು. ಜನಾಂಗಭೇದವನ್ನೇ ಕಾನೂನು ಮಾಡಿಕೊಂಡಿದ್ದ ದೇಶದಲ್ಲಿ ಇದು ಆಯಿತು.

ನಮ್ಮ ದೇಶದ್ದೇ ಪುರಾವೆ ಬೇಕೆಂದರೆ ಅದೂ ಇದೆ. ಮ್ಯಾಟ್ ಲೋವ್ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಲೀಗ್ ನಡೆಸಿ, ಸಾವಿರಕ್ಕೂ ಹೆಚ್ಚು ಯುವಕರನ್ನು ಕೆಲವು ಒಂದೇ ಜಾತಿಯ, ಕೆಲವು ಬೆರೆತ ಜಾತಿಯ ತಂಡಗಳಲ್ಲಿ ಆಡಿಸಿದರು. ಒಂದೇ ತಂಡದಲ್ಲಿ ಕೂಡಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಬೆಳೆಯಿತು. ಎದುರಾಳಿಗಳಾಗಿ ಮಾತ್ರ ಎದುರಾದವರಲ್ಲಿ ಅದು ಕುಗ್ಗಿತು. ದೆಹಲಿಯ ಶ್ರೀಮಂತ ಶಾಲೆಗಳಿಗೆ ಬಡ ಮಕ್ಕಳು ಬಂದಾಗ ಏನಾಯಿತು ಎಂಬುದನ್ನು ನೋಡಿದವರು ಗೌತಮ್ ರಾವ್. ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾದರು, ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಭೇದ ಮಾಡುವುದು ಕಡಿಮೆಯಾಯಿತು. ಗಣಿತ, ಹಿಂದಿಯ ಅಂಕಗಳು ಕುಸಿಯಲಿಲ್ಲ. ಇಂಗ್ಲಿಷ್‌ನಲ್ಲಿ ಮಾತ್ರ ಸ್ವಲ್ಪ ಇಳಿಕೆ ಕಂಡಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದರ ಗುಟ್ಟು ಹೇಳಿದ್ದರು. ಬರೀ ಎದುರಾದರೆ ಪೂರ್ವಗ್ರಹ ಕರಗುವುದಿಲ್ಲ. ಇಬ್ಬರೂ ಸಮಾನರಾಗಿರಬೇಕು, ಗುರಿ ಒಂದೇ ಆಗಿರಬೇಕು, ಕೂಡಿ ದುಡಿಯಬೇಕು, ಮೇಲಿನವರ ಬೆಂಬಲ ಇರಬೇಕು. ಹೊಲದಲ್ಲಿ ಒಡೆಯನೂ ಆಳೂ ದಿನವೂ ಎದುರಾಗುತ್ತಾರೆ, ಆದರೆ ಅವರ ನಡುವಿನ ಗೆರೆ ಅಳಿಯುವುದಿಲ್ಲ. ಅದೇ ಇಬ್ಬರ ಮಕ್ಕಳು ಒಂದೇ ಪ್ರಾಜೆಕ್ಟು ಮಾಡಿ ಒಂದೇ ಅಂಕ ಹಂಚಿಕೊಂಡರೆ ಅಳಿಯುವ ಸಾಧ್ಯತೆ ಹುಟ್ಟುತ್ತದೆ. ವಿಶ್ವವಿದ್ಯಾಲಯ ಈ ನಾಲ್ಕೂ ಷರತ್ತುಗಳನ್ನು ಒಟ್ಟಿಗೆ ಪೂರೈಸಬಲ್ಲ ಜಾಗ. ನಮ್ಮ ಊರುಗಳಲ್ಲಿ ಅಂಥ ಬೇರೆ ಜಾಗ ಹುಡುಕುವುದು ಕಷ್ಟ.

ನಮ್ಮ ಕ್ಯಾಂಪಸ್ಸುಗಳು ಮಾಡಬಹುದಾದದ್ದು

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಮೊದಲ ಕೆಲಸ ಹಾಸ್ಟೆಲ್ ಕೋಣೆಗಳನ್ನು ಚೀಟಿ ಎತ್ತಿ ಹಂಚುವುದು. ವಿಶ್ವವಿದ್ಯಾಲಯದ ಸ್ವಂತ ಹಾಸ್ಟೆಲ್‌ಗಳಲ್ಲಿ ಮೊದಲ ವರ್ಷದವರಿಗೆ ಜಾತಿ, ಜಿಲ್ಲೆ, ಭಾಷೆ ನೋಡದೆ ಕೋಣೆ ಕೊಡಲಿ. ಬದಲಾಯಿಸಿ ಕೊಡಿ ಎಂದು ಪಾಲಕರು ಬಂದಾಗ ಕಾರಣ ಕೇಳಲಿ. ಯಾರಿಗಾದರೂ ಕಿರುಕುಳವಾಗಿದ್ದರೆ ಕೂಡಲೇ ಬದಲಾಯಿಸಲಿ, ‘ಅವರು ನಮ್ಮ ಪೈಕಿ ಅಲ್ಲ’ ಎಂಬುದು ಕಾರಣವಾದರೆ ಆಗದು ಎನ್ನಲಿ.

ಎರಡನೆಯದು ಊಟ. ಘಟ್ಟದ ಮೇಲಿನ ಸಿದ್ದಿ ಮಗು ಅನ್ನ, ಮೀನಿನ ರುಚಿಯಲ್ಲಿ ಬೆಳೆದಿರುತ್ತದೆ, ರಾಮದುರ್ಗದ ಮಗು ಜೋಳದ ರೊಟ್ಟಿ, ಪುಂಡಿಪಲ್ಯದಲ್ಲಿ. ಮೆಸ್ ಕಮಿಟಿಯಲ್ಲಿ ಎಲ್ಲ ಕಡೆಯವರಿದ್ದರೆ ವಾರದ ಪಟ್ಟಿಯಲ್ಲಿ ಎಲ್ಲರ ಊಟವೂ ಬರುತ್ತದೆ. ಮಾಂಸ, ಮೊಟ್ಟೆ ತಿನ್ನುವವರು ಬೇರೆ ಮೂಲೆಯಲ್ಲಿ ಕೂರಬೇಕು ಎಂಬ ಪದ್ಧತಿ ಎಲ್ಲಿದ್ದರೂ ನಿಲ್ಲಬೇಕು. ಪಂಕ್ತಿಭೇದವನ್ನು 12ನೇ ಶತಮಾನದಲ್ಲೇ ಪ್ರಶ್ನಿಸಿದ ಶರಣರ ನಾಡಿನಲ್ಲಿ ಅದು ವಿಶ್ವವಿದ್ಯಾಲಯದ ಒಳಗೆ ಉಳಿಯಬಾರದು.

ಮೂರನೆಯದು ಕಾನೂನು. ವಿಶ್ವವಿದ್ಯಾಲಯ ಅನುದಾನ ಆಯೋಗದ 2012ರ ಸಮಾನತೆಯ ನಿಯಮಗಳು ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ ಮತ್ತು ತಾರತಮ್ಯ ತಡೆ ಅಧಿಕಾರಿ ಇರಬೇಕು ಎಂದವು. ತರಗತಿಯಲ್ಲಿ ಜಾತಿ, ಬುಡಕಟ್ಟಿನ ಹೆಸರು ಕೂಗುವುದು, ‘ರಿಸರ್ವೇಶನ್‌ನವರು’ ಎಂದು ಗುರುತು ಹಚ್ಚುವುದು, ಹಾಸ್ಟೆಲ್, ಮೆಸ್, ಆಟದ ಮೈದಾನದಲ್ಲಿ ಬೇರ್ಪಡಿಸುವುದು ತಾರತಮ್ಯ ಎಂದು ಸ್ಪಷ್ಟವಾಗಿ ಹೇಳಿದವು. ಆ ಅಧಿಕಾರಿಯ ಹೆಸರು, ಕೋಣೆ, ಫೋನ್ ನಂಬರು ಪ್ರತಿ ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್‌ನಲ್ಲಿ ಇರಬೇಕು. ಮೊದಲ ತಲೆಮಾರಿನ ವಿದ್ಯಾರ್ಥಿ ದೂರು ಬರೆಯಲು ಅಂಜುತ್ತಾನೆ. ಬಾಯಿಮಾತಿನ ದೂರನ್ನೂ ಬರೆದುಕೊಳ್ಳುವ ಮನಸ್ಸು ಅಧಿಕಾರಿಗೆ ಬೇಕು.

ನಾಲ್ಕನೆಯದು ಪಾಠ. ಚರಿತ್ರೆ ವಿಭಾಗ ಇಖ್ಲಾಸ್ ಖಾನ್, ಮಲಿಕ್ ಅಂಬರ್, ಗಜವೀರರನ್ನು ಪಠ್ಯಕ್ಕೆ ತರಲಿ. ಜಾನಪದ ವಿಭಾಗ ಸಿದ್ದಿಗಳ ಡಮಾಮಿಯ ಜೊತೆ ಅವರ ಕೌದಿಯನ್ನೂ ನೋಡಲಿ. ಕಟಕೋಳದ ಅಜ್ಜಿಯಂದಿರು ಹಳೆಯ ಸೀರೆ ಸೇರಿಸಿ ಹೊಲಿಯುವ ಕೌದಿಯನ್ನೇ ಸಿದ್ದಿ ಹೆಣ್ಣುಮಕ್ಕಳೂ ತಮ್ಮದೇ ರೀತಿಯಲ್ಲಿ ಹೊಲಿಯುತ್ತಾರೆ. ಅವು ಅಮೆರಿಕದ ಪ್ರದರ್ಶನಾಲಯಗಳವರೆಗೂ ಹೋಗಿವೆ. ಸಂಶೋಧನೆಯಲ್ಲಿ ಸಿದ್ದಿ ವಿದ್ಯಾರ್ಥಿ ಮಾಹಿತಿ ಕೊಡುವವನಾಗಿಯೇ ಉಳಿಯದೆ ಪ್ರಬಂಧ ಬರೆಯುವವನಾಗಲಿ, ಅವನು ಬರೆಯಬಯಸುವ ವಿಷಯ ಭೌತವಿಜ್ಞಾನವಾದರೆ ಅದನ್ನೇ ಬರೆಯಲಿ.

ಐದನೆಯದು ಚಿಕ್ಕ ಸಮುದಾಯಗಳಿಗೆ ವಿಶೇಷ ಗಮನ. ಪ್ರವೇಶದ ತಿಂಗಳಲ್ಲಿ ವಿಶ್ವವಿದ್ಯಾಲಯದ ಒಬ್ಬ ಅಧ್ಯಾಪಕರು ಖಾನಾಪುರ, ಹಳಿಯಾಳದ ಪಿಯು ಕಾಲೇಜುಗಳಿಗೆ ಹೋಗಿ ಅರ್ಜಿ ತುಂಬಿಸಲಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಕಾಗದಪತ್ರಕ್ಕೆ ನೆರವಾಗಲಿ. ಬಂದ ಮೇಲೆ ಹಿರಿಯ ವಿದ್ಯಾರ್ಥಿಯೊಬ್ಬರನ್ನು ಜೊತೆಗಿರಿಸಲಿ. ವಿದ್ಯಾರ್ಥಿವೇತನ ತಡವಾಗಿ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದು ಬರುವವರೆಗೆ ಮೆಸ್ ಬಿಲ್ಲಿಗಾಗಿ ಊಟ ನಿಲ್ಲಿಸಬಾರದು. ಕಾಡಿನ ಮಗು ಓದು ಬಿಡಲು ಒಂದು ತಿಂಗಳ ಮೆಸ್ ಬಾಕಿ ಸಾಕು.

ಬೆಳಗಾವಿಗೆ ಈ ಕೆಲಸ ಕಷ್ಟವಾಗಬಾರದು. 2010ರಿಂದ ಮಲೇಷ್ಯಾದ ಸೈನ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಗಳು ಕೆಎಲ್ಇ ಸಂಸ್ಥೆಯ ಜೊತೆಗಿನ ಒಪ್ಪಂದದಡಿ ಇಲ್ಲಿ ಓದುತ್ತಿದ್ದಾರೆ. ಮಲಯ, ಚೀನೀ ಮೂಲದ ಯುವಕ ಯುವತಿಯರನ್ನು ಬೆಳಗಾವಿಯ ಪೇಟೆ ನೋಡಿದೆ, ಅವರಿಗೆ ಮನೆ ಬಾಡಿಗೆ ಕೊಟ್ಟಿದೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಕನ್ನಡ, ಮರಾಠಿ, ಉರ್ದು, ಕೊಂಕಣಿ ಒಂದೇ ಬೀದಿಯಲ್ಲಿ ಕೇಳುವ ನಗರ ಬೆಳಗಾವಿ. ದೂರದೇಶದ ವಿದ್ಯಾರ್ಥಿಗೆ ಕೊಡುವ ಮರ್ಯಾದೆಯನ್ನು ನಲವತ್ತು ಐವತ್ತು ಕಿಲೋಮೀಟರ್ ಆಚೆಯ ಕಾಡಿನಿಂದ ಬಂದ ವಿದ್ಯಾರ್ಥಿಗೂ ಕೊಡಬೇಕು.

ಮನೆಯಿಂದಲೇ ಶುರು

‘ಯೋಗ್ಯತೆ ನೋಡಿ ಸೀಟು ಕೊಡಿ, ಇದೆಲ್ಲ ಏಕೆ?’ ಎಂದು ಕೇಳುವವರಿದ್ದಾರೆ. ಬೇರೆ ಮನೆತನದ, ಬೇರೆ ಭಾಷೆಯ, ಬೇರೆ ಮೈಬಣ್ಣದ ಒಬ್ಬ ಗೆಳೆಯನೂ ಇಲ್ಲದೆ ಪದವಿ ಪಡೆದವನ ಓದು ಪೂರ್ಣವಾಯಿತೇ ಎಂದು ಅವರೇ ಯೋಚಿಸಲಿ. ನಾಳೆ ಅವನು ತಹಶೀಲ್ದಾರನಾಗುತ್ತಾನೆ, ವೈದ್ಯನಾಗುತ್ತಾನೆ, ಮೇಷ್ಟ್ರಾಗುತ್ತಾನೆ. ಅವನ ಟೇಬಲ್ಲಿನ ಎದುರು ಸಿದ್ದಿ ತಾಯಿಯೊಬ್ಬಳು ಅರ್ಜಿ ಹಿಡಿದು ನಿಂತಾಗ ಅವನು ಏನು ನೋಡುತ್ತಾನೆ ಎಂಬುದು ಇಂದಿನ ಹಾಸ್ಟೆಲ್ ಕೋಣೆಯಲ್ಲೇ ನಿರ್ಧಾರವಾಗುತ್ತದೆ.

ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದು, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿದರು. ನಮ್ಮ ಹಳ್ಳಿಯ ಮಗನೊಬ್ಬನನ್ನು ಪರದೇಶದ ವಿಶ್ವವಿದ್ಯಾಲಯ ಒಳಗೆ ಬಿಟ್ಟುಕೊಂಡದ್ದರ ಫಲವನ್ನು ಇಡೀ ಉತ್ತರ ಕರ್ನಾಟಕ ಉಂಡಿದೆ. ಆ ಋಣ ತೀರಿಸುವ ಸರದಿ ಈಗ ನಮ್ಮದು.

ಅದು ಕುಲಪತಿಗಳ ಕೆಲಸ ಮಾತ್ರವಲ್ಲ. ಜೂನ್, ಜುಲೈ ಬಂದರೆ ಕಟಕೋಳದ, ಯರಗಟ್ಟಿಯ, ಬೈಲಹೊಂಗಲದ ಅಪ್ಪಂದಿರು ಟ್ರಂಕು, ಹಾಸಿಗೆ ಹೊತ್ತು ಮಕ್ಕಳನ್ನು ಹಾಸ್ಟೆಲಿಗೆ ಬಿಡಲು ಹೋಗುತ್ತಾರೆ. ಕೋಣೆಯೊಳಗೆ ಕಾಲಿಟ್ಟ ಕೂಡಲೇ ಇನ್ನೊಂದು ಮಂಚದ ಮೇಲೆ ಕೂತ ಹುಡುಗನಿಗೆ ‘ಯಾರ ಪೈಕಿ ತಮ್ಮಾ?’ ಎಂದು ಕೇಳುವ ರೂಢಿ ನಮ್ಮಲ್ಲಿದೆ. ಈ ವರ್ಷ ಅದನ್ನು ಬಿಡೋಣ. ಊರು ಯಾವುದು, ಏನು ಓದುತ್ತೀಯಾ, ಊಟ ಆಯಿತೇ ಎಂದು ಕೇಳೋಣ. ತಂದ ಬುತ್ತಿಯಲ್ಲಿ ಅವನಿಗೂ ಒಂದು ಪಾಲು ಕೊಟ್ಟು, ‘ಇಬ್ಬರೂ ಅಣ್ಣತಮ್ಮಂದಿರ ಹಾಗೆ ಇರ್ರಿ’ ಎಂದು ನಮ್ಮ ಮಗನ ಎದುರೇ ಹೇಳೋಣ. ಯಾವ ಸುತ್ತೋಲೆಗೂ ಇಲ್ಲದ ತೂಕ ಅಪ್ಪನ ಆ ಮಾತಿಗೆ ಇರುತ್ತದೆ.